ಮಾಸ್ಕ್ ಇಲ್ಲದೆ ಆಡಲ್ಲ ಅಂದ ಗೋಲ್‌ಕೀಪರ್

ಹಾಕಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಕೊಡಗು, ಟರ್ಫ್ ಮೈದಾನ, ಬಿಳಿ ಚೆಂಡು. ಈ ಲೇಖನ ಆ ಹಾಕಿ ಬಗ್ಗೆ ಅಲ್ಲ. ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆ ಮೇಲೆ ಆಡೋ ಐಸ್ ಹಾಕಿ ಬಗ್ಗೆ. ನಮ್ಮ ದೇಶದಲ್ಲಿ ಚಳಿಗಾಲ ಬಂದ್ರೆ ಲಡಾಖ್ ಕಡೆ ಇದನ್ನ ಆಡ್ತಾರೆ. ಕೆನಡಾದಲ್ಲಿ ಮಾತ್ರ ಇದು ನಮ್ಮ ಗಲ್ಲಿ ಕ್ರಿಕೆಟ್ ಇದ್ದ ಹಾಗೆ. ಮಕ್ಕಳು ನಡೆಯೋದು ಕಲಿತ ಸ್ವಲ್ಪ ದಿನಕ್ಕೇ ಸ್ಕೇಟ್ ಹಾಕ್ಕೊಳ್ತಾರೆ.

ಅಲ್ಲಿನ ಒಬ್ಬ ಗೋಲ್‌ಕೀಪರ್ ಕಥೆ ಇದು. ಹೆಸರು ಝಾಕ್ ಪ್ಲಾಂಟ್. ವಿಶ್ವದ ಅತಿದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಆರು ಸಲ ಸ್ಟ್ಯಾನ್ಲಿ ಕಪ್ ಗೆದ್ದವನು. ಆದ್ರೆ ಅವನನ್ನ ಜನ ಇವತ್ತಿಗೂ ನೆನಪಿಟ್ಟುಕೊಂಡಿರೋದು ಕಪ್‌ಗಳಿಂದ ಅಲ್ಲ. 1959ರ ನವೆಂಬರ್ 1ರ ರಾತ್ರಿ (ಹೌದು, ನಮ್ಮ ರಾಜ್ಯೋತ್ಸವದ ದಿನವೇ) ಅವನು ತನ್ನ ಕೋಚ್‌ಗೆ ಹೇಳಿದ ಒಂದು ಮಾತಿನಿಂದ. ಆ ಮಾತನ್ನ ಅವನೊಬ್ಬನೇ ಯಾಕೆ ಹೇಳೋಕೆ ಆಯ್ತು, ಬೇರೆಯವರಿಗೆ ಯಾಕೆ ಆಗಲಿಲ್ಲ ಅನ್ನೋದೇ ನಮಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸಿದ್ದು. ಅಲ್ಲಿಗೆ ಹೋಗೋಕೆ ಮುಂಚೆ ಆಟ ಸ್ವಲ್ಪ ಅರ್ಥ ಮಾಡಿಕೊಳ್ಳೋಣ.

ಪಕ್ ಅಂದ್ರೆ ಏನು, ಅದು ಎಷ್ಟು ಜೋರಾಗಿ ಬರುತ್ತೆ

ಐಸ್ ಹಾಕಿಯ ರಿಂಕ್ ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲ. ಒಂದೊಂದು ತಂಡದಲ್ಲಿ ಒಂದು ಸಲಕ್ಕೆ ಆರು ಜನ. ಐದು ಜನ ಓಡಾಡ್ತಾರೆ, ಒಬ್ಬ ಗೋಲ್ ಕಾಯ್ತಾನೆ. ಗೋಲ್‌ನ ಅಗಲ 6 ಅಡಿ, ಎತ್ತರ 4 ಅಡಿ. ಇಪ್ಪತ್ತು ನಿಮಿಷದ ಮೂರು ಪೀರಿಯಡ್‌ಗಳ ಆಟ.

ಇಲ್ಲಿ ಚೆಂಡು ಇಲ್ಲ. ಅದರ ಬದಲು ಪಕ್ ಅನ್ನೋ ಕಪ್ಪು ರಬ್ಬರ್ ಬಿಲ್ಲೆ ಇರುತ್ತೆ. ವ್ಯಾಸ 3 ಇಂಚು, ದಪ್ಪ 1 ಇಂಚು, ತೂಕ 156ರಿಂದ 170 ಗ್ರಾಂ. ಅಂದ್ರೆ ಹೆಚ್ಚುಕಡಿಮೆ ನಮ್ಮ ಲೆದರ್ ಬಾಲ್‌ನಷ್ಟೇ ತೂಕ. ಮಂಜಿನ ಮೇಲೆ ಪುಟಿಯದೆ ಜಾರಲಿ ಅಂತ ಮ್ಯಾಚ್‌ಗೆ ಮುಂಚೆ ಅದನ್ನ ಫ್ರೀಜ್ ಮಾಡ್ತಾರೆ. ಹಾಗಾಗಿ ರಬ್ಬರ್ ಆದ್ರೂ ಅದು ಕಲ್ಲಿನ ಥರಾನೇ.

ಈಗ ಫಸ್ಟ್ ಸೆಮ್ ಫಿಸಿಕ್ಸ್ ಹೊರಗೆ ತೆಗೆಯೋಣ. ಜೋರಾದ ಸ್ಲ್ಯಾಪ್‌ಶಾಟ್ ಗಂಟೆಗೆ 160 ಕಿ.ಮೀ. ವೇಗ ಮುಟ್ಟುತ್ತೆ, ಅಂದ್ರೆ ಸೆಕೆಂಡಿಗೆ ಸುಮಾರು 44 ಮೀಟರ್. 170 ಗ್ರಾಂ ಪಕ್ ಈ ವೇಗದಲ್ಲಿ ಬಂದ್ರೆ ಅದರ ಚಲನ ಶಕ್ತಿ ಸುಮಾರು 165 ಜೌಲ್. ಈ ಸಂಖ್ಯೆ ಕೇಳಿದ್ರೆ ಏನೂ ಅನ್ನಿಸಲ್ಲ ಅಲ್ವಾ? ಹೀಗೆ ಯೋಚನೆ ಮಾಡಿ: ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನ ಸುಮಾರು 17 ಮೀಟರ್ ಎತ್ತರದಿಂದ, ಅಂದ್ರೆ ಐದನೇ ಮಹಡಿಯಿಂದ ಕೆಳಗೆ ಬಿಟ್ರೆ ಅದು ನೆಲ ಮುಟ್ಟುವಾಗ ಇರೋ ಶಕ್ತಿ ಇಷ್ಟೇ. ಕೆಳಗೆ ಯಾರೋ ಮುಖ ಮೇಲೆ ಮಾಡಿಕೊಂಡು ನಿಂತಿದ್ದಾರೆ ಅಂತ ಊಹಿಸಿಕೊಳ್ಳಿ.

ಸಮಯದ ಲೆಕ್ಕ ಇನ್ನೂ ಕಷ್ಟ. 9 ಮೀಟರ್ ದೂರದಿಂದ ಹೊಡೆದ ಶಾಟ್ ಗೋಲ್ ತಲುಪೋಕೆ 0.2 ಸೆಕೆಂಡ್ ಸಾಕು. ಕಣ್ಣಿಗೆ ಕಂಡಿದ್ದಕ್ಕೆ ನಮ್ಮ ಕೈ ಅಲುಗಾಡೋಕೇ ಹೆಚ್ಚುಕಡಿಮೆ ಅಷ್ಟು ಸಮಯ ಬೇಕು. ಹಾಗಾಗಿ ಒಳ್ಳೆ ಗೋಲ್‌ಕೀಪರ್ ಪಕ್ ನೋಡಿ ಹಿಡಿಯಲ್ಲ. ಹೊಡೆಯೋವನ ಭುಜ, ಸ್ಟಿಕ್‌ನ ಕೋನ, ಪಕ್ ಇರೋ ಜಾಗ, ಇವನ್ನೆಲ್ಲ ಮುಂಚೆನೇ ಓದಿಕೊಂಡು ಶಾಟ್ ಬರೋ ಜಾಗದಲ್ಲಿ ದೇಹ ಇಟ್ಟಿರ್ತಾನೆ. ನಡುವೆ ಯಾರದ್ದಾದ್ರೂ ಸ್ಟಿಕ್‌ಗೋ ಕಾಲಿಗೋ ತಾಗಿ ಪಕ್ ದಿಕ್ಕು ಬದಲಾಯಿಸಿದ್ರೆ ಓದಿದ್ದೆಲ್ಲ ವ್ಯರ್ಥ. ಆಗ ಅದು ಎದೆಗೆ ಬೇಕಾದ್ರೂ ಬರಬಹುದು, ಹಣೆಗೆ ಬೇಕಾದ್ರೂ ಬರಬಹುದು.

1959ರ ತನಕ ಎನ್‌ಎಚ್‌ಎಲ್ ಗೋಲ್‌ಕೀಪರ್‌ಗಳು ಕಾಲಿಗೆ ದಪ್ಪ ಪ್ಯಾಡ್, ಕೈಗೆ ಗ್ಲೌಸ್, ಎದೆಗೆ ರಕ್ಷಾಕವಚ ಹಾಕ್ತಿದ್ರು. ಮುಖಕ್ಕೆ ಮಾತ್ರ ಏನೂ ಇಲ್ಲ. ಬರೀ ಮುಖ.

ಲೀಗ್‌ನಲ್ಲಿ ಇದ್ದಿದ್ದು ಆರೇ ಕೆಲಸ

ಆ ಕಾಲದಲ್ಲಿ ಎನ್‌ಎಚ್‌ಎಲ್‌ನಲ್ಲಿ ಆರೇ ತಂಡ: ಮಾಂಟ್ರಿಯಲ್, ಟೊರಾಂಟೊ, ಡೆಟ್ರಾಯ್ಟ್, ಶಿಕಾಗೊ, ಬಾಸ್ಟನ್, ನ್ಯೂಯಾರ್ಕ್. ಒಂದೊಂದು ತಂಡಕ್ಕೆ ಒಬ್ಬನೇ ಮುಖ್ಯ ಗೋಲ್‌ಕೀಪರ್. ಪಕ್ಕದಲ್ಲಿ ಬ್ಯಾಕಪ್ ಗೋಲ್‌ಕೀಪರ್ ಡ್ರೆಸ್ ಹಾಕಿಕೊಂಡು ಕೂತಿರಬೇಕು ಅನ್ನೋ ನಿಯಮ ಬಂದಿದ್ದು 1960ರ ದಶಕದ ಮಧ್ಯದಲ್ಲಿ. ಅಂದ್ರೆ ಇಡೀ ಜಗತ್ತಿನಲ್ಲಿ ಈ ಮಟ್ಟದ ಗೋಲ್‌ಕೀಪರ್ ಕೆಲಸ ಇದ್ದಿದ್ದೇ ಆರು. ಕೆಳಗಿನ ಲೀಗ್‌ಗಳಲ್ಲಿ ಆ ಕುರ್ಚಿ ಖಾಲಿಯಾಗಲಿ ಅಂತ ಕಾಯ್ತಿದ್ದವರು ಎಷ್ಟೋ ಜನ.

ಈ ಪರಿಸ್ಥಿತಿಯಲ್ಲಿ ಗಾಯ ಆಯ್ತು ಅಂತ ಯಾರು ಮನೆಯಲ್ಲಿ ಕೂರ್ತಾರೆ? ನೀವು ಒಂದು ವಾರ ರಜೆ ಹಾಕಿ, ನಿಮ್ಮ ಜಾಗಕ್ಕೆ ಬಂದವನು ಚೆನ್ನಾಗಿ ಆಡಿಬಿಟ್ರೆ ಕಥೆ ಮುಗೀತು. ಹಾಗಾಗಿ ಮುಖ ಒಡೆದ್ರೆ ಆಟ ನಿಲ್ಲಿಸಿ, ಡಾಕ್ಟರ್ ಹತ್ರ ಹೊಲಿಗೆ ಹಾಕಿಸಿಕೊಂಡು ಅದೇ ಮ್ಯಾಚ್‌ಗೆ ವಾಪಸ್ ಬರೋದೇ ರೂಢಿ.

ಗ್ಲೆನ್ ಹಾಲ್ ಅನ್ನೋ ಗೋಲ್‌ಕೀಪರ್ 1955ರಿಂದ 1962ರ ತನಕ ಸತತ 502 ಲೀಗ್ ಪಂದ್ಯಗಳನ್ನ ಒಂದೂ ತಪ್ಪಿಸದೆ, ಮಾಸ್ಕ್ ಇಲ್ಲದೆ ಆಡಿದ. ಈ ದಾಖಲೆ ಮುರಿಯೋದು ಇನ್ನು ಯಾರಿಗೂ ಸಾಧ್ಯ ಇಲ್ಲ ಅಂತಾರೆ. ಅದೇ ಹಾಲ್ ಮ್ಯಾಚ್‌ಗೆ ಮುಂಚೆ ಟೆನ್ಷನ್‌ನಿಂದ ವಾಂತಿ ಮಾಡಿಕೊಳ್ತಿದ್ದ ಅನ್ನೋದೂ ಅಷ್ಟೇ ಪ್ರಸಿದ್ಧ. ಇನ್ನೊಬ್ಬ ದೊಡ್ಡ ಗೋಲ್‌ಕೀಪರ್ ಟೆರ್ರಿ ಸಾಚಕ್. 1966ರಲ್ಲಿ ಲೈಫ್ ಪತ್ರಿಕೆ ಅವನ ಮುಖದ ಮೇಲೆ ಅಷ್ಟು ವರ್ಷಗಳಲ್ಲಿ ಬಿದ್ದ ಹೊಲಿಗೆಗಳನ್ನೆಲ್ಲ ಮೇಕಪ್‌ನಲ್ಲಿ ಮತ್ತೆ ಬರೆಸಿ ಫೋಟೊ ತೆಗೀತು. ನೋಡಿದವರಿಗೆ ಅದು ಮನುಷ್ಯನ ಮುಖ ಅನ್ನಿಸಲ್ಲ, ಹರಿದು ಹರಿದು ಹೊಲಿದ ಚೀಲ ಅನ್ನಿಸುತ್ತೆ.

ಆಲೂಗಡ್ಡೆ ಚೀಲದ ಪ್ಯಾಡ್‌ನಿಂದ ಶುರು

ಪ್ಲಾಂಟ್ ಹುಟ್ಟಿದ್ದು 1929ರ ಜನವರಿ 17ರಂದು, ಕೆನಡಾದ ಫ್ರೆಂಚ್ ಮಾತಾಡೋ ಪ್ರಾಂತ್ಯ ಕ್ವಿಬೆಕ್‌ನಲ್ಲಿ. ಹನ್ನೊಂದು ಮಕ್ಕಳಲ್ಲಿ ಇವನೇ ಹಿರಿಯ. ಅಪ್ಪನಿಗೆ ಫ್ಯಾಕ್ಟರಿ ಕೆಲಸ, ಮನೆಯಲ್ಲಿ ದುಡ್ಡಿಗೆ ಯಾವಾಗಲೂ ತಾಪತ್ರಯ. ಮೊದಲ ಗೋಲ್‌ಕೀಪರ್ ಪ್ಯಾಡ್‌ಗಳನ್ನ ಅಪ್ಪನೇ ಆಲೂಗಡ್ಡೆ ಚೀಲಗಳನ್ನ ತುಂಬಿ, ಮರದ ಪಟ್ಟಿ ಕೊಟ್ಟು ಮಾಡಿಕೊಟ್ಟಿದ್ದ. ಅಮ್ಮ ಹೆಣಿಗೆ ಕಲಿಸಿದ್ರು. ಹೊರಗೆ ಕೊರೆಯೋ ಚಳಿಯಲ್ಲಿ ಆಡೋಕೆ ಬೇಕಾದ ಉಣ್ಣೆ ಟೋಪಿಗಳನ್ನ ಅವನೇ ಹೆಣೆದುಕೊಳ್ತಿದ್ದ. ಈ ಅಭ್ಯಾಸ ಅವನು ಜೀವನಪೂರ್ತಿ ಬಿಡಲಿಲ್ಲ.

ಗೋಲ್‌ಕೀಪರ್ ಆಗಿದ್ದು ಆಸೆಯಿಂದ ಅಲ್ಲ. ಅವನಿಗೆ ಅಸ್ತಮಾ ಇತ್ತು. ಸ್ವಲ್ಪ ಹೊತ್ತು ಸ್ಕೇಟ್ ಮಾಡಿದ್ರೆ ಉಸಿರು ಕಟ್ಟೋದು. ನಿಂತಲ್ಲೇ ಆಡೋಕೆ ಆಗೋ ಜಾಗ ಅಂದ್ರೆ ಗೋಲ್ ಒಂದೇ. ಶಾಲೆಯ ತಂಡದಲ್ಲಿ ಅವನಿಗೆ ಜಾಗ ಸಿಕ್ಕಿದ್ದೂ ಇದ್ದ ಗೋಲ್‌ಕೀಪರ್‌ಗೂ ಕೋಚ್‌ಗೂ ಜಗಳವಾಗಿ ಆ ಹುಡುಗನನ್ನ ಹೊರಗೆ ಹಾಕಿದಾಗ. ಆಗ ಪ್ಲಾಂಟ್‌ಗೆ ಹನ್ನೆರಡು ವರ್ಷ.

ಆಮೇಲೆ ಒಂದು ಫ್ಯಾಕ್ಟರಿ ತಂಡಕ್ಕೆ ಆಡೋಕೆ ಶುರು ಮಾಡಿದ. ಸಂಬಳ ಕೇಳು ಅಂತ ಅಪ್ಪ ಹೇಳಿಕೊಟ್ರು. ಕೇಳಿದ. ಮ್ಯಾಚ್‌ಗೆ 50 ಸೆಂಟ್ ಕೊಡ್ತೀವಿ, ಬೇರೆ ಯಾರಿಗೂ ಹೇಳಬೇಡ ಅಂದ್ರಂತೆ. ಪ್ರೊಫೆಷನಲ್ ಕೆರಿಯರ್‌ನ ಮೊದಲ ಕಾಂಟ್ರಾಕ್ಟ್ ಅಂದ್ರೆ ಅದೇ. ತನ್ನ ಕೆಲಸಕ್ಕೆ ಒಂದು ಬೆಲೆ ಇದೆ, ಅದನ್ನ ಕೇಳಬಹುದು ಅನ್ನೋದು ಅವನಿಗೆ ಆವಾಗಲೇ ಗೊತ್ತಾಗಿತ್ತು.

1953ರಲ್ಲಿ ದೊಡ್ಡ ಅವಕಾಶ ಬಂತು. ಮಾಂಟ್ರಿಯಲ್ ಕನೇಡಿಯನ್ಸ್ ತಂಡ ಸೆಮಿಫೈನಲ್ ಸರಣಿಯಲ್ಲಿ ಶಿಕಾಗೊ ಎದುರು 3-2ರಿಂದ ಹಿಂದೆ ಬಿದ್ದಿತ್ತು. ಇನ್ನೊಂದು ಸೋತ್ರೆ ಮನೆಗೆ. ಕೋಚ್ ಡಿಕ್ ಅರ್ವಿನ್ ತನ್ನ ಮುಖ್ಯ ಗೋಲ್‌ಕೀಪರ್‌ನ ಕೂರಿಸಿ, ಅದಕ್ಕೆ ಮುಂಚೆ ಎನ್‌ಎಚ್‌ಎಲ್‌ನಲ್ಲಿ ಮೂರೇ ಮ್ಯಾಚ್ ಆಡಿದ್ದ ಪ್ಲಾಂಟ್‌ನ ಇಳಿಸಿದ. ಪ್ಲಾಂಟ್ ಒಂದೂ ಗೋಲ್ ಬಿಡಲಿಲ್ಲ. ಮಾಂಟ್ರಿಯಲ್ ಆ ಸರಣಿ ಗೆದ್ದು, ಆಮೇಲೆ ಸ್ಟ್ಯಾನ್ಲಿ ಕಪ್ಪನ್ನೂ ಗೆತ್ತು. ಅವನು ಹೆಣೆದ ಟೋಪಿ ಹಾಕ್ಕೊಂಡು ಎನ್‌ಎಚ್‌ಎಲ್‌ನಲ್ಲಿ ಆಡೋಕೆ ಮಾತ್ರ ಅರ್ವಿನ್ ಬಿಡಲಿಲ್ಲ.

ಗೋಲ್ ಬಿಟ್ಟು ಹೊರಗೆ ಬಂದವನು

ಆಗಿನ ಗೋಲ್‌ಕೀಪರ್ ಅಂದ್ರೆ ಬಾಗಿಲ ಕಾವಲುಗಾರ. ಜಾಗ ಬಿಟ್ಟು ಅಲ್ಲಾಡಬಾರದು. ಪ್ಲಾಂಟ್ ಅಲ್ಲಾಡಿದ. ಚಿಕ್ಕ ವಯಸ್ಸಿನಲ್ಲಿ ಕ್ವಿಬೆಕ್‌ನಲ್ಲಿ ಆಡುವಾಗ ಅವನ ತಂಡದ ಡಿಫೆನ್ಸ್ ತುಂಬಾ ವೀಕ್. ಗೋಲ್ ಹಿಂದೆ ಹೋದ ಪಕ್ಕನ್ನ ತರೋಕೆ ಅವರನ್ನ ಕಾಯ್ತಾ ಕೂತ್ರೆ ಎದುರಾಳಿ ಬಂದು ಎತ್ತಿಕೊಂಡು ಹೋಗ್ತಿದ್ದ. ಸರಿ, ನಾನೇ ಹೋಗ್ತೀನಿ ಅಂತ ಪ್ಲಾಂಟ್ ಗೋಲ್ ಬಿಟ್ಟು ಹಿಂದೆ ಹೋಗಿ ಪಕ್ ನಿಲ್ಲಿಸಿ, ತನ್ನವರಿಗೆ ಪಾಸ್ ಕೊಡೋಕೆ ಶುರು ಮಾಡಿದ. ನೋಡೋಕೆ ಬಂದವರಿಗೆ ಎದೆ ಧಸಕ್ ಅನ್ನೋದು, ಕೋಚ್‌ಗಳಿಗೆ ತಲೆನೋವು. ಇವತ್ತು ಇದನ್ನ ಪ್ರತಿ ಗೋಲ್‌ಕೀಪರ್ ಮಾಡ್ತಾನೆ.

ಡಿಫೆನ್ಸ್ ಆಟಗಾರರಿಗೆ ಜೋರಾಗಿ ಕೂಗಿ ಹೇಳೋದು, ಎದುರಾಳಿ ತನ್ನ ಅರ್ಧದಿಂದಲೇ ಪಕ್ಕನ್ನ ದೂರ ಹೊಡೆದು ಫೌಲ್ ಆಗೋ ಸಂದರ್ಭದಲ್ಲಿ ಕೈ ಎತ್ತಿ ತನ್ನವರಿಗೆ ಸಿಗ್ನಲ್ ಕೊಡೋದು, ಇವೆಲ್ಲ ಅವನೇ ರೂಢಿಗೆ ತಂದಿದ್ದು. ಎದುರಾಳಿಗಳು ಹೇಗೆ ಹೊಡೀತಾರೆ ಅನ್ನೋದನ್ನ ವಿದ್ಯಾರ್ಥಿ ಥರ ಓದಿಕೊಳ್ತಿದ್ದ. 1972ರಲ್ಲಿ ಗೋಲ್ ಕಾಯೋದು ಹೇಗೆ ಅಂತ ಒಂದು ಪುಸ್ತಕವನ್ನೇ ಬರೆದ.

ಫಲಿತಾಂಶ ಹೇಗಿತ್ತು ಅಂದ್ರೆ 1956ರಿಂದ 1960ರ ತನಕ ಮಾಂಟ್ರಿಯಲ್ ಸತತ ಐದು ಸಲ ಸ್ಟ್ಯಾನ್ಲಿ ಕಪ್ ಗೆತ್ತು. ಇದು ಇವತ್ತಿಗೂ ದಾಖಲೆ. ಅತಿ ಕಡಿಮೆ ಗೋಲ್ ಬಿಟ್ಟ ತಂಡದ ಗೋಲ್‌ಕೀಪರ್‌ಗೆ ಆಗ ಕೊಡ್ತಿದ್ದ ವೆಝಿನಾ ಟ್ರೋಫಿ ಆ ಐದೂ ವರ್ಷ ಪ್ಲಾಂಟ್‌ಗೇ.

ಮಾಸ್ಕ್ ಹುಟ್ಟಿದ ಬಗೆ

ಮಾಸ್ಕ್ ಐಡಿಯಾ ಪ್ಲಾಂಟ್‌ದೇ ಅಲ್ಲ. 1927ರಲ್ಲಿ ಕೆನಡಾದ ಕ್ವೀನ್ಸ್ ಯೂನಿವರ್ಸಿಟಿಯ ಮಹಿಳಾ ತಂಡದ ಗೋಲ್‌ಕೀಪರ್ ಎಲಿಜಬೆತ್ ಗ್ರಹಾಂ ಕತ್ತಿವರಸೆ ಆಟಗಾರರ ಜಾಲರಿ ಮಾಸ್ಕ್ ಹಾಕ್ಕೊಂಡು ಆಡಿದ್ಲು. ಗಮನಿಸಿ, ನಮ್ಮ ಥರ ಕಾಲೇಜ್ ಸ್ಟೂಡೆಂಟ್! 1930ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಮುಖಕ್ಕೆ ಪೆಟ್ಟು ಬಿದ್ದ ಮೇಲೆ ಚರ್ಮದ ಮಾಸ್ಕ್ ಹಾಕಿ ಎನ್‌ಎಚ್‌ಎಲ್‌ನಲ್ಲಿ ಆಡಿದ. ಅದರ ಮೂಗಿನ ಭಾಗ ಕಣ್ಣಿಗೆ ಅಡ್ಡ ಬರ್ತಿತ್ತು. ಕೆಲವೇ ಮ್ಯಾಚ್ ಆದ್ಮೇಲೆ ಬಿಟ್ಟುಬಿಟ್ಟ. ಆಮೇಲೆ ಸುಮಾರು ಮೂವತ್ತು ವರ್ಷ ಆ ಲೀಗ್‌ನಲ್ಲಿ ಈ ವಿಷಯ ಮುಂದಕ್ಕೆ ಹೋಗಲಿಲ್ಲ.

ಪ್ಲಾಂಟ್‌ಗೆ 1950ರ ದಶಕದ ಮಧ್ಯದಲ್ಲಿ ಪ್ರಾಕ್ಟೀಸ್ ಮಾಡುವಾಗಲೇ ಎರಡು ಸಲ ಪೆಟ್ಟು ಬಿದ್ದು, ಒಂದು ಸಲ ಬಲಗೆನ್ನೆಯ ಮೂಳೆ, ಇನ್ನೊಂದು ಸಲ ಎಡಗೆನ್ನೆಯ ಮೂಳೆ ಮುರೀತು. ಹೊಡೆದವರು ಎದುರಾಳಿಗಳಲ್ಲ, ತನ್ನದೇ ತಂಡದವರು. ಆಮೇಲೆ ಸೈನಸ್ ತೊಂದರೆಯಿಂದ 13 ಮ್ಯಾಚ್ ತಪ್ಪಿಸಿಕೊಂಡ. ವಾಪಸ್ ಬಂದ ಮೇಲೆ ಪ್ರಾಕ್ಟೀಸ್‌ನಲ್ಲಿ ಮಾತ್ರ ಮಾಸ್ಕ್ ಹಾಕೋಕೆ ಶುರು ಮಾಡಿದ. ಮ್ಯಾಚ್‌ನಲ್ಲಿ ಹಾಕೋಕೆ ಆಗಿನ ಕೋಚ್ ಟೋ ಬ್ಲೇಕ್ ಒಪ್ಪಲಿಲ್ಲ. ಕಾಲ ಹತ್ರ ಬಂದ ಪಕ್ ಕಾಣಲ್ಲ ಅನ್ನೋದು ಒಂದು ವಾದ. ಹೆದರಿಕೆ ಹೋದ್ರೆ ಗೋಲ್‌ಕೀಪರ್ ಮೈಮರೀತಾನೆ ಅನ್ನೋದು ಇನ್ನೊಂದು.

ಈ ನಡುವೆ 1958ರಲ್ಲಿ ಒಂದು ಮ್ಯಾಚ್‌ನಲ್ಲಿ ಪ್ಲಾಂಟ್ ಹಣೆಗೆ ಪೆಟ್ಟು ಬಿದ್ದಿದ್ದನ್ನ ಬಿಲ್ ಬರ್ಚ್‌ಮೋರ್ ಅನ್ನೋ ವ್ಯಕ್ತಿ ನೋಡಿದ. ಅವನು ಕೆಲಸ ಮಾಡ್ತಿದ್ದಿದ್ದು ಫೈಬರ್‌ಗ್ಲಾಸ್ ಕೆನಡಾ ಕಂಪನಿಯಲ್ಲಿ. ನಿನ್ನ ಮುಖಕ್ಕೆ ಸರಿಯಾಗಿ ಕೂರೋ ಮಾಸ್ಕ್ ಮಾಡಬಹುದು ಅಂತ ಪ್ಲಾಂಟ್‌ಗೆ ಕಾಗದ ಬರೆದ. ಆಮೇಲೆ ಮಾಂಟ್ರಿಯಲ್‌ನ ಒಂದು ಆಸ್ಪತ್ರೆಯಲ್ಲಿ ಪ್ಲಾಂಟ್ ಮುಖಕ್ಕೆ ವ್ಯಾಸಲೀನ್ ಹಚ್ಚಿ, ಉಸಿರಾಡೋಕೆ ನಳಿಕೆ ಇಟ್ಟು, ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದ್ರು. ಆ ಅಚ್ಚಿನ ಮೇಲೆ ಫೈಬರ್‌ಗ್ಲಾಸ್ ಪದರ ಹಾಕಿ ಮಾಸ್ಕ್ ತಯಾರಾಯ್ತು.

ಇಲ್ಲಿ ಒಂದು ನಿಮಿಷ ನಮ್ಮ ಮೆಟೀರಿಯಲ್ ಸೈನ್ಸ್ ಕಡೆ ಹೋಗೋಣ. ಗಾಜು ಅಂದ್ರೆ ಬಿದ್ರೆ ಒಡೆಯೋ ವಸ್ತು. ಅದರಿಂದ ರಕ್ಷಣೆ ಹೇಗೆ? ಗಾಜು ಒಡೆಯೋದು ಅದರ ಮೇಲಿರೋ ಸಣ್ಣ ಸಣ್ಣ ಬಿರುಕುಗಳಿಂದ. ಅದೇ ಗಾಜನ್ನ ಕೂದಲಿಗಿಂತ ತೆಳ್ಳಗಿನ ಎಳೆ ಮಾಡಿದ್ರೆ ದೊಡ್ಡ ಬಿರುಕು ಇರೋಕೆ ಜಾಗವೇ ಇಲ್ಲ, ಹಾಗಾಗಿ ಎಳೆತಕ್ಕೆ ತುಂಬಾ ಗಟ್ಟಿ. ಪಾಠದಲ್ಲಿ ಬರೋ ಗ್ರಿಫಿತ್ 1920ರ ಸುಮಾರಿಗೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಈ ಎಳೆಗಳನ್ನ ರೆಸಿನ್‌ನಲ್ಲಿ ಅದ್ದಿ ಗಟ್ಟಿ ಮಾಡಿದ್ರೆ ಎಳೆ ಭಾರ ಹೊರುತ್ತೆ, ರೆಸಿನ್ ಎಳೆಗಳನ್ನ ಒಟ್ಟಿಗೆ ಹಿಡಿದು ಒಂದು ಎಳೆಯ ಭಾರವನ್ನ ಪಕ್ಕದ ಎಳೆಗೆ ಹಂಚುತ್ತೆ. ಜೊತೆಗೆ ಯಾವ ಆಕಾರಕ್ಕೆ ಬೇಕಾದ್ರೂ ಬಗ್ಗುತ್ತೆ, ತೂಕ ಕಡಿಮೆ.

ಮಾಸ್ಕ್ ಮಾಡೋ ಮುಖ್ಯ ಕೆಲಸ ಪಕ್‌ನ ಶಕ್ತಿಯನ್ನ ಮಾಯ ಮಾಡೋದಲ್ಲ, ಹಂಚೋದು. ಪಕ್‌ನ ಅಂಚು ಬರೀ ಮುಖಕ್ಕೆ ಬಡಿದ್ರೆ ಇಡೀ ಬಲ ಒಂದು ರೂಪಾಯಿ ನಾಣ್ಯಕ್ಕಿಂತ ಕಡಿಮೆ ಜಾಗದ ಮೇಲೆ ಬೀಳುತ್ತೆ. ಚರ್ಮ ಸೀಳುತ್ತೆ, ಕೆಳಗಿನ ಮೂಳೆ ಮುರಿಯುತ್ತೆ. ಅದೇ ಬಲ ಹಣೆ, ಕೆನ್ನೆ, ಗಲ್ಲ ಎಲ್ಲದರ ಮೇಲೂ ಹರಡಿದ್ರೆ ಒತ್ತಡ ಎಷ್ಟೋ ಪಟ್ಟು ಕಡಿಮೆ. ನೋವಾಗುತ್ತೆ, ಬಾವು ಬರುತ್ತೆ, ಆದ್ರೆ ಮೂಳೆ ಉಳಿಯುತ್ತೆ. ಈ ಮೊದಲ ಮಾಸ್ಕ್‌ಗೆ ಒಂದು ಕೊರತೆಯೂ ಇತ್ತು. ಅದು ಮುಖಕ್ಕೆ ಅಂಟಿಕೊಂಡ ಹಾಗೆ ಕೂರ್ತಿತ್ತು. ನಡುವೆ ಖಾಲಿ ಜಾಗ ಇಲ್ಲದಿದ್ರೆ ಪೆಟ್ಟಿನ ಸಮಯ ಹಿಗ್ಗಲ್ಲ, ಹಾಗಾಗಿ ಒಳಗಿರೋ ತಲೆಗೆ ಅದರ ಪಾಲು ಸಿಕ್ಕೇ ಸಿಗುತ್ತೆ. ಇದನ್ನ ಸರಿ ಮಾಡೋಕೆ ಮುಂದೆ ಇನ್ನೂ ಇಪ್ಪತ್ತು ವರ್ಷ ಬೇಕಾಯ್ತು.

ನವೆಂಬರ್ 1, 1959

ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಮಾಂಟ್ರಿಯಲ್ ಎದುರು ನ್ಯೂಯಾರ್ಕ್ ರೇಂಜರ್ಸ್. ಆಟ ಶುರುವಾಗಿ ಮೂರು ನಿಮಿಷದ ಹೊತ್ತಿಗೆ ರೇಂಜರ್ಸ್‌ನ ಆಂಡಿ ಬ್ಯಾತ್‌ಗೇಟ್ ಹೊಡೆದ ಶಾಟ್ ನೇರವಾಗಿ ಪ್ಲಾಂಟ್ ಮುಖಕ್ಕೆ ಬಡೀತು. ಮೂಗಿನ ಹತ್ರ ಸೀಳಿ ರಕ್ತ. ಟವೆಲ್ ಒತ್ತಿಕೊಂಡು ಒಳಗೆ ಹೋದ, ಡಾಕ್ಟರ್ ಹೊಲಿಗೆ ಹಾಕಿದ್ರು.

ಬ್ಲೇಕ್ ಬಂದು ಆಡ್ತೀಯಾ ಅಂದಾಗ ಪ್ಲಾಂಟ್ ಉತ್ತರ ಸರಳ: ಮಾಸ್ಕ್ ಹಾಕೋಕೆ ಬಿಟ್ರೆ ಆಡ್ತೀನಿ, ಇಲ್ಲಾಂದ್ರೆ ಇಲ್ಲ.

ಬ್ಲೇಕ್ ಸಿಟ್ಟಾದ. ಆದ್ರೆ ಏನು ಮಾಡ್ತಾನೆ? ತಂಡದ ಜೊತೆ ಇನ್ನೊಬ್ಬ ಗೋಲ್‌ಕೀಪರ್ ಇಲ್ಲ. ಆಗಿನ ಪದ್ಧತಿ ಪ್ರಕಾರ ಇಂಥ ಹೊತ್ತಲ್ಲಿ ಸಿಗ್ತಿದ್ದಿದ್ದು ಆತಿಥೇಯ ತಂಡದವರು ಸ್ಟೇಡಿಯಂನಲ್ಲಿ ಕೂರಿಸಿರ್ತಿದ್ದ ಯಾರೋ ಹವ್ಯಾಸಿ ಆಟಗಾರ. ಲೀಗ್‌ನ ನಂಬರ್ ಒನ್ ತಂಡಕ್ಕೆ ಅಂಥವನನ್ನ ಇಳಿಸೋದಾ? ಗಾಯ ವಾಸಿಯಾದ ಮೇಲೆ ಮಾಸ್ಕ್ ತೆಗೀಬೇಕು ಅನ್ನೋ ಷರತ್ತು ಹಾಕಿ ಬ್ಲೇಕ್ ಒಪ್ಪಿಕೊಂಡ.

ಮಾಂಟ್ರಿಯಲ್ 3-1ರಿಂದ ಗೆತ್ತು. ಗಾಯ ವಾಸಿಯಾಯ್ತು, ಪ್ಲಾಂಟ್ ಮಾಸ್ಕ್ ತೆಗೆಯಲಿಲ್ಲ. ತಂಡ ಸೋಲ್ತಾ ಇದ್ದಿದ್ರೆ ಬ್ಲೇಕ್ ಜಗಳ ಮಾಡ್ತಿದ್ದನೇನೋ. ಆದ್ರೆ ಸೋಲಿಲ್ಲದ ಓಟ 18 ಮ್ಯಾಚ್ ತನಕ ಹೋಯ್ತು. 1960ರ ಮಾರ್ಚ್ 8ರಂದು ಡೆಟ್ರಾಯ್ಟ್ ಎದುರು ಕೋಚ್ ಕೇಳಿಕೊಂಡರು ಅಂತ ಒಂದು ಮ್ಯಾಚ್ ಮಾಸ್ಕ್ ಇಲ್ಲದೆ ಆಡಿದ. ಮಾಂಟ್ರಿಯಲ್ 3-0ರಿಂದ ಸೋಲ್ತು. ಮುಂದಿನ ಮ್ಯಾಚ್‌ಗೆ ಮಾಸ್ಕ್ ವಾಪಸ್, ಈ ಸಲ ಶಾಶ್ವತವಾಗಿ. ಆ ವರ್ಷದ ಪ್ಲೇಆಫ್‌ನಲ್ಲಿ ಮಾಂಟ್ರಿಯಲ್ ಎಂಟಕ್ಕೆ ಎಂಟೂ ಮ್ಯಾಚ್ ಗೆದ್ದು ಕಪ್ ಎತ್ತಿತು. ಮಾಸ್ಕ್ ಹಾಕಿದ್ರೆ ಪಕ್ ಕಾಣಲ್ಲ ಅನ್ನೋ ವಾದಕ್ಕೆ ಸ್ಕೋರ್‌ಬೋರ್ಡೇ ಉತ್ತರ ಕೊಡ್ತು.

ಹೆದರಿಕೊಂಡು ಮಾಸ್ಕ್ ಹಾಕ್ತೀಯಾ ಅಂತ ಕೇಳಿದವರಿಗೆ ಪ್ಲಾಂಟ್ ಕೊಟ್ಟ ಅಂತ ಹೇಳೋ ಉತ್ತರ ಬಹಳ ಪ್ರಸಿದ್ಧ: ಪ್ಯಾರಾಚೂಟ್ ಇಲ್ಲದೆ ವಿಮಾನದಿಂದ ಹಾರಿದ್ರೆ ಅದನ್ನ ಧೈರ್ಯ ಅಂತೀರಾ?

ಹಾಗಾದ್ರೆ ಬೇರೆಯವರು ಹೇಡಿಗಳಾ?

ಸಾಮಾನ್ಯವಾಗಿ ಈ ಕಥೆ ಇಲ್ಲಿಗೆ ಮುಗಿಯುತ್ತೆ. ಒಬ್ಬ ಧೈರ್ಯವಂತ ಇಲ್ಲ ಅಂದ, ಜಗತ್ತು ಬದಲಾಯ್ತು. ನಮಗೆ ಇದು ಅರ್ಧ ಕಥೆ ಅನ್ನಿಸುತ್ತೆ.

ಆ ರಾತ್ರಿ ಪ್ಲಾಂಟ್ ಕೈಯಲ್ಲಿ ಏನೇನಿತ್ತು ನೋಡಿ. ಅಷ್ಟೊತ್ತಿಗೆ ಸತತ ನಾಲ್ಕು ಕಪ್ ಗೆದ್ದಿದ್ದ, ಲೀಗ್‌ನ ಅತ್ಯುತ್ತಮ ಗೋಲ್‌ಕೀಪರ್ ಅಂತ ಹೆಸರು ಬಂದಿತ್ತು. ಡ್ರೆಸಿಂಗ್ ರೂಮ್‌ನಲ್ಲಿ ಬದಲಿ ಇರಲಿಲ್ಲ. ಮಾಸ್ಕ್ ರೆಡಿಯಾಗಿ ಪಕ್ಕದಲ್ಲೇ ಇತ್ತು. ಇಷ್ಟೂ ಒಟ್ಟಿಗೆ ಸೇರಿದ್ದಕ್ಕೆ ಅವನ 'ಇಲ್ಲ'ಕ್ಕೆ ಬೆಲೆ ಬಂತು. ಕೆಳಗಿನ ಲೀಗ್‌ನಿಂದ ಹೊಸದಾಗಿ ಬಂದ ಇಪ್ಪತ್ತು ವರ್ಷದ ಹುಡುಗ ಇದೇ ಮಾತು ಹೇಳಿದ್ರೆ? ಮಾರನೇ ದಿನ ಅವನಿಗೆ ಊರಿಗೆ ಟಿಕೆಟ್.

ಇದು ಬರೀ ಊಹೆ ಅಲ್ಲ. ಪ್ಲಾಂಟ್ ಘಟನೆಗೆ ಎರಡು ವರ್ಷ ಮುಂಚೆ, 1957ರಲ್ಲಿ, ಡೆಟ್ರಾಯ್ಟ್‌ನ ಸ್ಟಾರ್ ಆಟಗಾರ ಟೆಡ್ ಲಿಂಡ್ಸೆ ಆಟಗಾರರ ಸಂಘ ಕಟ್ಟೋಕೆ ಹೊರಟ. ಅವನು ಗೋಲ್‌ಕೀಪರ್ ಅಲ್ಲ, ಗೋಲ್ ಹೊಡೆಯೋವನು. ತಂಡದ ಆಡಳಿತ ಅವನನ್ನ ಆಗ ಲೀಗ್‌ನಲ್ಲಿ ಕೊನೇ ಸ್ಥಾನದಲ್ಲಿದ್ದ ಶಿಕಾಗೊಗೆ ಸಾಗಿಸಿತು. ಆ ಸಂಘ ಅಲ್ಲಿಗೇ ಕುಸೀತು. ಸ್ಟಾರ್‌ಗೇ ಈ ಗತಿ ಅಂದ್ರೆ ಬೇರೆಯವರು ಬಾಯಿ ಬಿಡ್ತಾರಾ? ಗಟ್ಟಿಯಾಗಿ ನಿಂತ ಆಟಗಾರರ ಸಂಘ ಬಂದಿದ್ದು 1967ರಲ್ಲಿ.

ಹಾಗಾಗಿ ಮಾಸ್ಕ್ ಹರಡಿದ್ದು ನಿಧಾನವಾಗಿ. ಅದೇ ಡಿಸೆಂಬರ್‌ನಲ್ಲಿ ಬಾಸ್ಟನ್‌ನ ಡಾನ್ ಸಿಮನ್ಸ್ ಹಾಕಿದ. ಸಾಚಕ್ 1962ರಲ್ಲಿ. ಗ್ಲೆನ್ ಹಾಲ್ 1968ರಲ್ಲಿ. ನನ್ನ ಮುಖವೇ ನನ್ನ ಮಾಸ್ಕ್ ಅಂತಿದ್ದ ಗಂಪ್ ವರ್ಸ್ಲಿ ಹಾಕಿದ್ದು ತನ್ನ ಕೆರಿಯರ್‌ನ ಕೊನೇ ಆರು ಮ್ಯಾಚ್‌ಗಳಲ್ಲಿ, 1974ರಲ್ಲಿ. ಅದೇ 1974ರಲ್ಲಿ ಆಂಡಿ ಬ್ರೌನ್ ಆಡಿದ್ದು ಎನ್‌ಎಚ್‌ಎಲ್‌ನಲ್ಲಿ ಮಾಸ್ಕ್ ಇಲ್ಲದ ಗೋಲ್‌ಕೀಪರ್‌ನ ಕೊನೇ ಮ್ಯಾಚ್. ಲೆಕ್ಕ ಹಾಕಿ. ಕೆಲಸ ಮಾಡುತ್ತೆ ಅಂತ ಎಲ್ಲರ ಕಣ್ಣೆದುರು ಸಾಬೀತಾದ ಮೇಲೂ ಹದಿನೈದು ವರ್ಷ. ಟೆಕ್ನಾಲಜಿ 1959ರಲ್ಲೇ ಸಿದ್ಧ ಇತ್ತು. ಉಳಿದ ಸಮಯ ಹೋಗಿದ್ದು ನಾಚಿಕೆಗೆ, ಅಭ್ಯಾಸಕ್ಕೆ, ಕೆಲಸ ಹೋಗೋ ಭಯಕ್ಕೆ.

ಮಾಸ್ಕ್ ಆದ್ಮೇಲಿನ ಬದುಕು

ಪ್ಲಾಂಟ್ ಕೆರಿಯರ್ ಅಲ್ಲಿಗೆ ಮುಗಿಯಲಿಲ್ಲ. 1961-62ರ ಸೀಸನ್‌ನಲ್ಲಿ 70ಕ್ಕೆ 70 ಮ್ಯಾಚೂ ಆಡಿ ವೆಝಿನಾ ಜೊತೆಗೆ ಇಡೀ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋ ಹಾರ್ಟ್ ಟ್ರೋಫಿಯನ್ನೂ ಗೆದ್ದ. ಗೋಲ್‌ಕೀಪರ್‌ಗೆ ಅದು ಸಿಗೋದು ಅಪರೂಪ. ಆದ್ರೂ ಮರುವರ್ಷವೇ, 1963ರಲ್ಲಿ, ಮಾಂಟ್ರಿಯಲ್ ಅವನನ್ನ ರೇಂಜರ್ಸ್‌ಗೆ ಕೊಟ್ಟುಬಿಡ್ತು. ಬದಲಿಗೆ ಬಂದವರಲ್ಲಿ ಮುಖ್ಯನಾದವನು ಯಾರು ಗೊತ್ತಾ? ಮಾಸ್ಕ್ ಬೇಡ ಅಂತಿದ್ದ ಅದೇ ಗಂಪ್ ವರ್ಸ್ಲಿ.

1965ರಲ್ಲಿ ಪ್ಲಾಂಟ್ ನಿವೃತ್ತಿ ಹೇಳಿ ಸೇಲ್ಸ್ ಕೆಲಸಕ್ಕೆ ಸೇರಿದ. ಅದೇ ಡಿಸೆಂಬರ್‌ನಲ್ಲಿ ಸೋವಿಯತ್ ತಂಡದ ಎದುರು ಮಾಂಟ್ರಿಯಲ್‌ನ ಜೂನಿಯರ್ ಹುಡುಗರ ಜೊತೆ ಒಂದು ಮ್ಯಾಚ್ ಆಡಿ 2-1ರಿಂದ ಗೆಲ್ಲಿಸಿದ. 1968ರಲ್ಲಿ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಸೇಂಟ್ ಲೂಯಿ ಬ್ಲೂಸ್ ತಂಡಕ್ಕೆ ವಾಪಸ್ ಬಂದ. ಅಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಗ್ಲೆನ್ ಹಾಲ್. ಇಬ್ಬರೂ ಸೇರಿ ವೆಝಿನಾ ಹಂಚಿಕೊಂಡರು. ಪ್ಲಾಂಟ್‌ಗೆ ಅದು ಏಳನೇದು. ಹಾಲ್ ಮ್ಯಾಚ್‌ನಲ್ಲಿ ಮಾಸ್ಕ್ ಹಾಕೋಕೆ ಶುರು ಮಾಡಿದ್ದೂ ಅದೇ ಸೀಸನ್‌ನಲ್ಲಿ.

1970ರ ಫೈನಲ್‌ನಲ್ಲಿ ಬಾಸ್ಟನ್‌ನ ಒಂದು ಶಾಟ್ ನಡುವೆ ಸ್ಟಿಕ್‌ಗೆ ತಾಗಿ ದಿಕ್ಕು ಬದಲಾಯಿಸಿ ಪ್ಲಾಂಟ್ ಹಣೆಗೆ ಬಡೀತು. ಪ್ರಜ್ಞೆ ತಪ್ಪಿ ಬಿದ್ದ. ಮಾಸ್ಕ್ ಇಲ್ಲದಿದ್ರೆ ನಾನು ಬದುಕ್ತಿರಲಿಲ್ಲ ಅಂತ ಆಮೇಲೆ ಹೇಳಿದ. ಮುಂದಿನ ಸೀಸನ್ ಟೊರಾಂಟೊದಲ್ಲಿ ಆಡಿ ಮ್ಯಾಚ್‌ಗೆ ಸರಾಸರಿ 1.88 ಗೋಲ್ ಮಾತ್ರ ಬಿಟ್ಟ. ಇಡೀ ಲೀಗ್‌ನಲ್ಲೇ ಅತಿ ಕಡಿಮೆ. ಸೀಸನ್ ಮಧ್ಯದಲ್ಲಿ ಅವನಿಗೆ 42 ತುಂಬಿತ್ತು! ಕೊನೆಗೆ ಆಡಿದ್ದು 1974-75ರಲ್ಲಿ, ಇನ್ನೊಂದು ಲೀಗ್‌ನ ಎಡ್ಮಂಟನ್ ತಂಡಕ್ಕೆ.

ಗೊತ್ತಿರೋದನ್ನ ಮುಚ್ಚಿಟ್ಟುಕೊಳ್ಳೋ ಸ್ವಭಾವ ಅವನದ್ದಾಗಿರಲಿಲ್ಲ. ಟೊರಾಂಟೊದಲ್ಲಿ ಅವನ ಹತ್ರ ಕಲಿತ ಬರ್ನಿ ಪೇರೆಂಟ್ ಆಮೇಲೆ ಫಿಲಡೆಲ್ಫಿಯಾಗೆ 1974 ಮತ್ತು 1975ರಲ್ಲಿ ಎರಡು ಕಪ್ ಗೆಲ್ಲಿಸಿದ. 1972ರಲ್ಲಿ ಕೆನಡಾ ಮತ್ತು ಸೋವಿಯತ್ ನಡುವಿನ ದೊಡ್ಡ ಸರಣಿಯ ಮೊದಲ ಮ್ಯಾಚ್‌ಗೆ ಮುಂಚೆ ಪ್ಲಾಂಟ್ ಎದುರಾಳಿಗಳ ಡ್ರೆಸಿಂಗ್ ರೂಮ್‌ಗೆ ಹೋಗಿ, ಇಪ್ಪತ್ತು ವರ್ಷದ ಸೋವಿಯತ್ ಗೋಲ್‌ಕೀಪರ್ ವ್ಲಾದಿಸ್ಲಾವ್ ಟ್ರೆಟ್ಯಾಕ್‌ಗೆ ಕೆನಡಾದವರು ಹೇಗೆ ಹೊಡೀತಾರೆ ಅಂತ ವಿವರಿಸಿದ. ಸೋವಿಯತ್ 7-3ರಿಂದ ಗೆತ್ತು! ಯಾಕೆ ಹಾಗೆ ಮಾಡಿದ ಅಂತ ಜನ ಇವತ್ತಿಗೂ ಮಾತಾಡ್ತಾರೆ. ನಮ್ಮ ಊಹೆ ಕೇಳಿದ್ರೆ, ಅವನಿಗೆ ದೇಶಕ್ಕಿಂತ ಮೊದಲು ಕಂಡಿದ್ದು ಗೋಲ್‌ನಲ್ಲಿ ಒಂಟಿಯಾಗಿ ನಿಲ್ಲಬೇಕಾದ ಇನ್ನೊಬ್ಬ ಹುಡುಗ.

1978ರಲ್ಲಿ ಹಾಲ್ ಆಫ್ ಫೇಮ್ ಗೌರವ ಬಂತು. ಕೊನೇ ವರ್ಷಗಳನ್ನ ಸ್ವಿಟ್ಜರ್ಲೆಂಡ್‌ನಲ್ಲಿ ಕಳೆದು, 1986ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ತೀರಿಕೊಂಡ. ಇತ್ತ ಮಾಸ್ಕ್ ಮುಂದುವರೀತಾ ಹೋಯ್ತು. 1970ರ ದಶಕದ ಕೊನೆಯಲ್ಲಿ ಫೈಬರ್‌ಗ್ಲಾಸ್ ಚಿಪ್ಪಿಗೆ ಮುಂದೆ ಉಕ್ಕಿನ ಜಾಲರಿ ಸೇರಿಸಿದ ಮಾಸ್ಕ್ ಬಂತು. ಮುಖಕ್ಕೂ ಜಾಲರಿಗೂ ನಡುವೆ ಜಾಗ ಸಿಕ್ಕಿತು. ಇವತ್ತು ನಾವು ನೋಡೋ ಬಣ್ಣಬಣ್ಣದ ಮಾಸ್ಕ್‌ಗಳೆಲ್ಲ ಅದರ ಮಕ್ಕಳು.

ನಾವು ಯಾವ ಕಡೆ ನಿಲ್ತೀವಿ?

ಈ ಕಥೆ ಓದಿದ್ರೆ ನಾವೆಲ್ಲ ನಮ್ಮನ್ನ ಪ್ಲಾಂಟ್ ಜಾಗದಲ್ಲಿ ಇಟ್ಟುಕೊಳ್ತೀವಿ. ಅದು ಸಹಜ. ವರ್ಕ್‌ಶಾಪ್‌ನಲ್ಲಿ ಗಾಗಲ್ಸ್ ಹಾಕಿದವನನ್ನ ನೋಡಿ ನಗೋ ಫ್ರೆಂಡ್ಸ್ ನಮಗೂ ಇದ್ದಾರೆ, ಹಿಂದೆ ಕೂತವನು ಹೆಲ್ಮೆಟ್ ಕೇಳಿದ್ರೆ ಇಲ್ಲೇ ಹತ್ರ ಅಲ್ವಾ ಮಗಾ ಅನ್ನೋರೂ ಇದ್ದಾರೆ.

ಆದ್ರೆ ಎರಡು ವರ್ಷ ಬಿಟ್ಟು ನಮ್ಮ ಪರಿಸ್ಥಿತಿ ಬೇರೆ. ನಮ್ಮಲ್ಲಿ ಕೆಲವರು ಸೈಟ್ ಇಂಜಿನಿಯರ್ ಆಗ್ತೀವಿ, ಕೆಲವರು ಫ್ಯಾಕ್ಟರಿ ಶಿಫ್ಟ್‌ನಲ್ಲಿ ಇರ್ತೀವಿ. ಆಗ ನಮ್ಮ ಕೆಳಗೆ ಕೆಲಸ ಮಾಡೋರು ಇರ್ತಾರೆ. ಸೆಂಟ್ರಿಂಗ್ ಮೇಲೆ ಬೆಲ್ಟ್ ಇಲ್ಲದೆ ಹತ್ತೋನು, ಕಣ್ಣಿಗೆ ಶೀಲ್ಡ್ ಇಲ್ಲದೆ ವೆಲ್ಡಿಂಗ್ ಮಾಡೋನು, ಮ್ಯಾನ್‌ಹೋಲ್‌ಗೆ ಇಳಿ ಅಂತ ಹೇಳಿಸಿಕೊಳ್ಳೋನು. ಅವರಲ್ಲಿ ಯಾರೂ ನಾಲ್ಕು ಕಪ್ ಗೆದ್ದಿರಲ್ಲ. ಅವರ ಜಾಗಕ್ಕೆ ಬರೋಕೆ ಗೇಟ್ ಹೊರಗೆ ಹತ್ತು ಜನ ನಿಂತಿರ್ತಾರೆ. ಬೆಲ್ಟ್ ಕೊಡದಿದ್ರೆ ಹತ್ತಲ್ಲ ಅನ್ನೋ ಮಾತು ಅವರ ಬಾಯಿಂದ ಬರಲ್ಲ. ಬಂದ್ರೆ ಆ ದಿನದ ಕೂಲಿ ಹೋಗುತ್ತೆ.

ಅಲ್ಲಿ ನಾವು ಇರೋದು ಟೋ ಬ್ಲೇಕ್ ಜಾಗದಲ್ಲಿ. ಬ್ಲೇಕ್ ಕೆಟ್ಟವನೇನೂ ಅಲ್ಲ, ತಂಡ ಗೆಲ್ಲಬೇಕು ಅಂತಿದ್ದ ಒಳ್ಳೆ ಕೋಚ್. ಆದ್ರೂ ಒಬ್ಬನ ಮುಖ ಒಡೆದು ರಕ್ತ ಬರೋ ತನಕ, ಅವನು ಇಲ್ಲ ಅನ್ನೋ ತನಕ, ಬೇರೆ ದಾರಿಯೇ ಇಲ್ಲ ಅನ್ನೋ ತನಕ ಒಪ್ಪಲಿಲ್ಲ. ಮಾಸ್ಕ್ ಮಾತ್ರ ಅಷ್ಟು ದಿನವೂ ತಂಡದ ಸಾಮಾನಿನ ಜೊತೆಯಲ್ಲೇ ಇತ್ತು. ನಮ್ಮ ಸೈಟ್‌ನಲ್ಲಿ ಬೆಲ್ಟು, ಶೀಲ್ಡು ಸ್ಟೋರ್ ರೂಮ್‌ನಲ್ಲಿ ಬೀಗ ಹಾಕಿಕೊಂಡು ಕೂತಿದ್ರೆ, ಯಾರೂ ಕೇಳೋಕೆ ಮುಂಚೆ ಬೀಗ ತೆಗೆದು ಕೊಡೋದು ನಮ್ಮ ಕೆಲಸ.